ಕೌಂಟಿಗೆ ಹೋಗುವುದಾದರೆ ಪೂರ್ತಿ ಸೀಸನ್ ಹೋಗಲಿ

ನಮ್ಮ ಆಟಗಾರ ಯಾರಾದರೂ ಇಂಗ್ಲೆಂಡಿನ ಕೌಂಟಿ ತಂಡಕ್ಕೆ ಸಹಿ ಹಾಕಿದ ಅಂದರೆ ಸಾಕು, ಮರುವಾರವೇ ಸ್ಕೋರ್‌ಕಾರ್ಡ್ ಹಿಡಿದು ಪಂಚನಾಮೆ ಶುರು. ಮೂರು ಪಂದ್ಯ ಆಡಿ ವಿಮಾನ ಹತ್ತುವವನನ್ನು ಅಳೆಯುವುದಾದರೂ ಹೇಗೆ? ನನ್ನ ತಕರಾರು ಆಟಗಾರನ ಮೇಲಲ್ಲ, ಈ ಮೂರು ಪಂದ್ಯದ ಕರಾರಿನ ಮೇಲೆ.

1992ರಲ್ಲಿ ಆಸ್ಟ್ರೇಲಿಯಾದ ವೇಗಿ ಕ್ರೇಗ್ ಮ್ಯಾಕ್‌ಡರ್ಮಟ್ ಗಾಯಗೊಂಡಿದ್ದರಿಂದ ಯಾರ್ಕ್‌ಷೈರ್ ಸಚಿನ್‌ನನ್ನು ಕರೆಸಿಕೊಂಡಿತು. ಆ ಕೌಂಟಿಗೆ ಮೊದಲ ವಿದೇಶಿ ಆಟಗಾರ, ವಯಸ್ಸು 19. 16 ಪ್ರಥಮ ದರ್ಜೆ ಪಂದ್ಯಗಳಲ್ಲಿ 1070 ರನ್, ಶತಕ ಮಾತ್ರ ಒಂದೇ. ಇವತ್ತಾಗಿದ್ದರೆ ಆ ಒಂದು ಶತಕಕ್ಕೆ ಎಷ್ಟು ಟ್ರೋಲ್ ಆಗುತ್ತಿತ್ತೋ! 1995ರಲ್ಲಿ ನಮ್ಮವರೇ ಇಬ್ಬರು ಹೋದರು. ಕುಂಬ್ಳೆ ನಾರ್ಥಾಂಪ್ಟನ್‌ಶೈರ್‌ಗೆ 105 ವಿಕೆಟ್ ಕಿತ್ತರು, ತಂಡ ಕೌಂಟಿಗಳ ನಾಲ್ಕು ದಿನದ ಟೂರ್ನಿಯಾದ ಚಾಂಪಿಯನ್‌ಶಿಪ್‌ನಲ್ಲಿ ಮೂರನೇ ಸ್ಥಾನಕ್ಕೆ ಬಂತು. ಗ್ಲಾಸ್ಟರ್‌ಶೈರ್‌ನಲ್ಲಿ ಶ್ರೀನಾಥ್‌ಗೆ 87. ಆಗ ಕೌಂಟಿಯೊಂದಕ್ಕೆ ನಾಲ್ಕು ದಿನದ 17 ಪಂದ್ಯ, ಅದರ ನಡುವೆಯೇ ಭಾನುವಾರ 40 ಓವರಿನ ಇನ್ನೊಂದು. ಅಷ್ಟು ಬೌಲಿಂಗ್ ಮಾಡಿದ ಮೇಲೆ ಕೈಗೆ ಲೆಂತ್ ಕೂರದೆ ಇರುತ್ತದೆಯೇ?

ಏಪ್ರಿಲ್‌ನಲ್ಲಿ ಅಲ್ಲಿನ ಪಿಚ್‌ನಲ್ಲಿ ತೇವ ಇರುತ್ತದೆ, ಚೆಂಡು ನಿಂತು ಬರುತ್ತದೆ. ಬೆಂಗಳೂರಲ್ಲಿ ಬೆಳೆದ ಬ್ಯಾಟರ್ ಬೌನ್ಸ್ ನಂಬಿ ಚೆಂಡು ಏಳುವಾಗಲೇ ಡ್ರೈವ್ ಹೊಡೆದು ಕವರ್‌ಗೆ ಕ್ಯಾಚ್ ಕೊಡುತ್ತಾನೆ. ಎರಡನೆಯ ತಪ್ಪು ಇನ್ನೂ ಸೂಕ್ಷ್ಮ. ನಮ್ಮ ಒರಟು ಮೈದಾನದಲ್ಲಿ ಇಲ್ಲಿ ಬಳಸುವ ಎಸ್‌ಜಿ ಚೆಂಡಿನ ಹೊಳಪು ಬೇಗ ಹೋಗುತ್ತದೆ. ಹಾಗಾಗಿ ಮೊದಲ 15 ಓವರ್ ತಡೆದರೆ ಗೆದ್ದಂತೆ ಎಂಬ ಲೆಕ್ಕ ತಲೆಯಲ್ಲಿ ಕೂತಿರುತ್ತದೆ. ಇಂಗ್ಲೆಂಡಿನಲ್ಲಿ ಬಳಸುವ ಡ್ಯೂಕ್ಸ್ ಚೆಂಡಿಗೆ ಆ ಲೆಕ್ಕ ನಡೆಯುವುದಿಲ್ಲ. ಅದರ ಮೇಲಿನ ಲೇಪ, ಹಸಿರು ಔಟ್‌ಫೀಲ್ಡ್ ಎರಡೂ ಸೇರಿ 40 ಓವರ್ ದಾಟಿದರೂ ಸ್ವಿಂಗ್ ಉಳಿಸುತ್ತವೆ. ಸೆಟ್ ಆದೆ ಅಂದುಕೊಂಡು ಕೈ ಬಿಚ್ಚಿದವನು ಸ್ಲಿಪ್‌ಗೆ ಎಡ್ಜ್ ಕೊಟ್ಟು ಹೊರಡುತ್ತಾನೆ. ಮದ್ದು ಇಷ್ಟೇ: ಚೆಂಡನ್ನು ಕಣ್ಣ ಕೆಳಗೆ ಬರಲು ಬಿಟ್ಟು ತಡವಾಗಿ ಆಡಬೇಕು, ಬ್ಯಾಟ್ ಪ್ಯಾಡ್‌ಗಿಂತ ಮುಂದೆ ಹೋಗಬಾರದು, ಕೆಳಗೈ ಸಡಿಲ ಇರಬೇಕು. ಹೇಳುವುದು ಸುಲಭ. ನೆಟ್ಸ್‌ನಲ್ಲಿ ಬರುವುದು ಪಂದ್ಯದಲ್ಲಿ ಬರಲು ವಾರಗಳು ಬೇಕು.

ವೇಗಿಗಳದ್ದು ಬೇರೆ ಪಾಡು. ಸ್ವಿಂಗ್ ಕಂಡ ಖುಷಿಗೆ ಆಫ್‌ಸ್ಟಂಪ್‌ನ ಆಚೆಯೇ ಹಾಕುತ್ತಾರೆ, ಅಲ್ಲಿನ ಓಪನರ್ ಆರಾಮಾಗಿ ಬಿಟ್ಟುಕೊಂಡಿರುತ್ತಾನೆ. ಚಿನ್ನಸ್ವಾಮಿಯಲ್ಲಿ ಪಿಚ್‌ಗೆ ಬಡಿದು ಹಾಕುವ ಲೆಂತ್ ಅಲ್ಲಿ ನಿಧಾನವಾಗಿ ಎದ್ದು ಪುಲ್‌ಗೆ ಸಿಗುತ್ತದೆ. ಒಂದು ಹೆಜ್ಜೆ ಮುಂದೆ, ಸ್ಟಂಪ್‌ಗೆ ಹಾಕಬೇಕು. ಒದ್ದೆ ರನಪ್‌ನಲ್ಲಿ ಅರ್ಧ ಸ್ಪೈಕ್ ಶೂ ಜಾರುತ್ತದೆ, ಪೂರ್ತಿ ಲೋಹದ ಸ್ಪೈಕ್ ಇರುವುದನ್ನೇ ಒಯ್ಯಿರಿ. ಸ್ಪಿನ್ನರ್‌ಗೆ ಚಳಿಯಲ್ಲಿ ಬೆರಳು ಮರಗಟ್ಟಿ ಚೆಂಡಿನ ಮೇಲೆ ಹಿಡಿತವೇ ಸಿಗುವುದಿಲ್ಲ.

2018ರಲ್ಲಿ ಪೂಜಾರ ಯಾರ್ಕ್‌ಷೈರ್‌ಗೆ 6 ಪಂದ್ಯಗಳಲ್ಲಿ ಗಳಿಸಿದ್ದು 172 ರನ್. ಅದೇ ಬೇಸಿಗೆಯಲ್ಲಿ ಸೌತಾಂಪ್ಟನ್ ಟೆಸ್ಟ್‌ನಲ್ಲಿ ಅಜೇಯ 132. ಆ 172 ರನ್ ವ್ಯರ್ಥ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ತೊಡಕಿರುವುದು ಕ್ಯಾಲೆಂಡರ್‌ನಲ್ಲಿ. ಚಾಂಪಿಯನ್‌ಶಿಪ್ ಏಪ್ರಿಲ್ ಮೊದಲ ವಾರ ಶುರು, ಐಪಿಎಲ್ ಮೇ ಕೊನೆಯವರೆಗೆ. ಐಪಿಎಲ್ ಇದ್ದವನಿಗೆ ಬಿಡುವಿಲ್ಲ, ಇಲ್ಲದವನ ಹೆಸರು ಕೌಂಟಿಗಳಿಗೆ ಗೊತ್ತಿಲ್ಲ. ಹೀಗಾಗಿ 20-21 ವಯಸ್ಸಿನ ರಣಜಿ ಹುಡುಗನಿಗೆ ಉಳಿಯುವುದು ಇಂಗ್ಲೆಂಡಿನ ಕ್ಲಬ್ ಲೀಗ್. ಅದು ಕೀಳೇನಲ್ಲ. 1892ರಲ್ಲಿ ಹುಟ್ಟಿದ ಲ್ಯಾಂಕಾಷೈರ್ ಲೀಗ್‌ನಲ್ಲಿ ಕ್ಲಬ್‌ಗೊಬ್ಬ ಪ್ರೊ, ಅಂದರೆ ಸಂಬಳದ ವೃತ್ತಿಪರ ಆಟಗಾರ. ನೆಲ್ಸನ್ ಕ್ಲಬ್‌ಗೆ 1929ರಲ್ಲಿ ವೆಸ್ಟ್ ಇಂಡೀಸ್‌ನ ಲಿಯರಿ ಕಾನ್‌ಸ್ಟಂಟೈನ್ ಬಂದರು, 1981ರಲ್ಲಿ ಕಪಿಲ್ ಆಡಿದರು. ಉಳಿದ ಹತ್ತು ಜನ ವಾರವಿಡೀ ಬೇರೆ ಕೆಲಸ ಮಾಡುವವರು. ಆದ್ದರಿಂದ ಪ್ರೊ ಮೂರು ಅಥವಾ ನಾಲ್ಕರಲ್ಲಿ ಬ್ಯಾಟ್ ಮಾಡಬೇಕು, ಬೌಲಿಂಗ್ ಕೋಟಾ ಮುಗಿಸಬೇಕು, ವಾರದ ಮಧ್ಯೆ ಸಂಜೆ ಮಕ್ಕಳಿಗೆ ಕೋಚಿಂಗ್ ಕೊಡಬೇಕು, ಮಳೆ ಬಂದರೆ ಕವರ್ ಎಳೆಯಲೂ ಕೈ ಹಾಕಬೇಕು. ಇಲ್ಲಿ ಬರೀ ಬ್ಯಾಟರ್ ಆಗಿದ್ದವನು ಅಲ್ಲಿ ಆಫ್‌ಸ್ಪಿನ್ ಕಲಿತು ಬಂದರೆ ಆಶ್ಚರ್ಯವಿಲ್ಲ.

ಕಾಗದಪತ್ರದಲ್ಲಿ ಮಾತ್ರ ಕೈ ಸುಟ್ಟುಕೊಳ್ಳಬೇಡಿ. ಬಿಸಿಸಿಐ ಎನ್‌ಒಸಿಯನ್ನು (ನಿರಾಕ್ಷೇಪಣಾ ಪತ್ರ) ರಾಜ್ಯ ಸಂಸ್ಥೆಯ ಮೂಲಕ ಮೊದಲೇ ಕೇಳಿ. ಸಂಬಳದ ಪ್ರೊ ಆಗಿ ಆಡಲು ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಇಸಿಬಿಯ ಅನುಮೋದನೆ ಇರುವ ಕ್ರೀಡಾ ವೀಸಾ ಬೇಕು, ವಿಸಿಟರ್ ವೀಸಾ ನಡೆಯದು. ದುಡ್ಡು ಕೊಡದೆ ಮನೆ, ಕಾರು ಕೊಟ್ಟರೆ ಅದೂ ಸಂಭಾವನೆಯೇ. ಏಜೆಂಟ್ "ಏನೂ ಆಗಲ್ಲ ಬಿಡಿ" ಅಂದರೆ ಅವನನ್ನೇ ಬಿಡಿ.

ಕರಾರಿನಲ್ಲಿ ಬಿಡುಗಡೆಯ ಷರತ್ತು ನೋಡಿ. 1952ರಲ್ಲಿ ವಿನೂ ಮಂಕಡ್ ಭಾರತ ತಂಡದಲ್ಲಿ ಸ್ಥಾನದ ಖಾತರಿ ಸಿಗದೆ ಹ್ಯಾಸ್ಲಿಂಗ್‌ಡನ್ ಕ್ಲಬ್ ಸೇರಿದ್ದರು. ಮೊದಲ ಟೆಸ್ಟ್ ಸೋತ ಮೇಲೆ ಕ್ಲಬ್‌ನಿಂದ ಬಿಡಿಸಿಕೊಂಡು ಲಾರ್ಡ್ಸ್‌ನಲ್ಲಿ ಆಡಿಸಿದರು. 72, 184, ಜತೆಗೆ 5 ವಿಕೆಟ್. ರಾಜ್ಯ ತಂಡ ಕರೆದರೆ ಕ್ಲಬ್ ಬಿಡುತ್ತದೆಯೇ, ಗಾಯವಾದರೆ ಸ್ಕ್ಯಾನ್, ಫಿಸಿಯೋ ಖರ್ಚು ಯಾರದ್ದು, ಮಧ್ಯದಲ್ಲಿ ಕೈಬಿಟ್ಟರೆ ವಾಪಸ್ ಟಿಕೆಟ್ ಯಾರದ್ದು ಎಂಬುದೆಲ್ಲ ಸಹಿಗೆ ಮುಂಚೆ ಬರವಣಿಗೆಯಲ್ಲೇ ಇರಲಿ, ವಾಟ್ಸ್ಆ್ಯಪ್ ಕಾಲ್‌ನಲ್ಲಿ ಅಲ್ಲ.