ಟವರ್ ಅಲ್ಲೇ ಇರಲಿ, ನೀವೇ ಬನ್ನಿ

ಶಿರಸಿ ಸೀಮೆಯ ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲ ಅನ್ನುವುದು ಅಪಪ್ರಚಾರ. ಕಾಗದದಲ್ಲಿ ಭರ್ಜರಿಯಾಗಿದೆ. ಬಸ್‌ಸ್ಟಾಪಿನ ಹತ್ತಿರ ಫೋನಿನಲ್ಲಿ ಎರಡು ಕಡ್ಡಿ ಕಂಡರೆ ಸಾಕು, ಇಡೀ ಊರು ವ್ಯಾಪ್ತಿಯೊಳಗೆ ಬಂತು. ಲೆಕ್ಕ ಹಾಕುವವರಿಗೆ ಊರು ಅಂದರೆ ನಕ್ಷೆಯ ಮೇಲಿನ ಒಂದು ಚುಕ್ಕಿ. ನಮ್ಮಲ್ಲೋ ತೋಟಕ್ಕೊಂದು ಮನೆ, ಎರಡು ಮನೆಗಳ ನಡುವೆ ಒಂದು ಗುಡ್ಡ. ಚುಕ್ಕಿಯ ಮೇಲೇ ಮನೆ ಕಟ್ಟಬೇಕು ಅಂತ ನಮ್ಮ ಅಜ್ಜಂದಿರಿಗೆ ಹೊಳೆಯಲಿಲ್ಲ, ಏನು ಮಾಡೋಣ!

ಟವರ್ ಎಲ್ಲಿ ನಿಲ್ಲಿಸಬೇಕು ಅನ್ನುವುದು ಸುಮ್ನೆ ಮಾತಲ್ಲ. ಕಡಿಮೆ ಟವರಿನಲ್ಲಿ ಜಾಸ್ತಿ ಜನರನ್ನು ಮುಟ್ಟಬೇಕು. ಬರೀ 30 ಜಾಗ ಗುರುತಿಸಿದರೂ, ಯಾವುದು ಬೇಕು ಯಾವುದು ಬೇಡ ಅನ್ನುವ ಆಯ್ಕೆಗಳು 100 ಕೋಟಿ ದಾಟುತ್ತವೆ. ಅದಕ್ಕೇ ಒಂದು ಸುಲಭದ ದಾರಿ ಹಿಡಿಯುತ್ತಾರೆ. ಅತಿ ಹೆಚ್ಚು ಜನ ಸಿಗುವ ಜಾಗಕ್ಕೆ ಮೊದಲ ಟವರ್. ಉಳಿದವರಲ್ಲಿ ಹೆಚ್ಚು ಜನ ಸಿಗುವ ಕಡೆ ಎರಡನೆಯದು. ಹೀಗೇ ಮುಂದೆ, ದುಡ್ಡು ಮುಗಿಯುವ ತನಕ. ಆಮೇಲೂ ಉಳಿದವರೇ ನಾವು.

ಸಿಗ್ನಲ್ ಎಲ್ಲಿಯವರೆಗೆ ತಲುಪುತ್ತದೆ ಅಂತ ಅಂದಾಜು ಮಾಡಲು ಹೆಸರಾಂತ ಸೂತ್ರವೊಂದಿದೆ. ಜಪಾನಿನ ಎಂಜಿನಿಯರ್ ಒಕುಮುರಾ ಟೋಕಿಯೋ ಸುತ್ತಮುತ್ತ ಸಿಗ್ನಲ್ ಅಳೆದು 1968ರಲ್ಲಿ ಪ್ರಕಟಿಸಿದ್ದನ್ನು ಅದೇ ದೇಶದ ಹಾಟಾ 1980ರಲ್ಲಿ ಸೂತ್ರಕ್ಕಿಳಿಸಿದರು. ಪೇಟೆಗೆ, ಪೇಟೆಯ ಅಂಚಿಗೆ, ಬಯಲಿಗೆ ಅದರಲ್ಲಿ ಬೇರೆಬೇರೆ ಲೆಕ್ಕವಿದೆ. ಪಾಪ, ಅವರಿಗೆ ನಮ್ಮ ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟ ಗೊತ್ತಿರಲಿಲ್ಲ. ಆಷಾಢದ ಮಳೆಯಲ್ಲಿ ತೊಯ್ದ ಕಾಡು ಸಿಗ್ನಲನ್ನು ಹೇಗೆ ನುಂಗುತ್ತದೆ ಅನ್ನುವುದೂ!

ಹಾಗಾದರೆ ಗುಡ್ಡದ ನೆತ್ತಿಗೇ ಟವರ್ ಹಾಕಿ ಅಂತೀರಾ? ಅಲ್ಲಿಗೆ ರಸ್ತೆ ಬೇಕು, ಕರೆಂಟ್ ಬೇಕು, ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಇದ್ಯಾವ ತಕರಾರೂ ಇಲ್ಲದ ಜಾಗ ಪೇಟೆ. ಹಾಗಾಗಿ ಅಲ್ಲಿ ಟವರ್‌ಗಳು ಒಂದರ ಮುಖ ಒಂದು ನೋಡುತ್ತ ನಿಂತಿವೆ. ಇತ್ತ ಎಲ್ಲಾದರೂ ಒಂದು ಇದ್ದರೂ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬ್ಯಾಟರಿ ಇಳಿದ ಮೇಲೆ ಅದು ಬರೀ ಕಬ್ಬಿಣ. ಕಾಗೆ ಕೂರಲು ಅನುಕೂಲ.

ಟವರ್ ಜನರ ಹತ್ತಿರ ಬರದಿದ್ದರೇನು, ಜನರನ್ನೇ ಸರಿಯಾದ ಜಾಗದಲ್ಲಿ ನಿಲ್ಲಿಸಿದರಾಯಿತು ಅಲ್ವಾ? ಈ ಲೆಕ್ಕವನ್ನು ನಮ್ಮವರು ಆಗಲೇ ಬಿಡಿಸಿದ್ದಾರೆ. ತೋಟಕ್ಕೆ ಸೊಪ್ಪು ತರಲೆಂದು ಇರುವ ಸೊಪ್ಪಿನ ಬೆಟ್ಟದಿಂದ ಈಗ ಒಟಿಪಿಯನ್ನೂ ತರುತ್ತಾರೆ. ಇಳಿದು ಮನೆಗೆ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ, ಆ ಮಾತು ಬೇರೆ. ಪಂಚಾಯ್ತಿಯವರು ಮನಸ್ಸು ಮಾಡಿ ಬೆಟ್ಟದ ಮೇಲೊಂದು ಕಟ್ಟೆ, ಅದಕ್ಕೊಂದು ತಗಡಿನ ಮಾಡು ಮಾಡಿಸಿ, ಮನೆ ನಂಬರನ್ನೂ ಅಲ್ಲಿಗೇ ಕೊಟ್ಟುಬಿಟ್ಟರೆ ಊರು ನೂರಕ್ಕೆ ನೂರು ವ್ಯಾಪ್ತಿಯೊಳಗೆ.

ಬೆಟ್ಟ ಹತ್ತಲಾಗದ ಹಿರಿಯರಿಗೆ, ಮರ ಹತ್ತಿ ಅಡಿಕೆಯ ಕೊನೆ, ಅಂದರೆ ಗೊನೆ, ಇಳಿಸುವ ಕೊನೆಗೌಡರೇ ಗತಿ. ಅಡಿಕೆ ಮರದ ತುದಿಯಲ್ಲಿ ಅವರಿಗೆ ನಾಲ್ಕೂ ಕಡ್ಡಿ ಸಿಗುತ್ತದೆ. ಕೊನೆ ಇಳಿಸುತ್ತಲೇ ನಾಲ್ಕು ಮನೆಯ ಸುದ್ದಿ ಬೆಂಗಳೂರಿಗೆ ದಾಟಿಸಬಹುದು. ಆದರೆ ಕೊನೆಗೌಡರು ಸಿಗುವುದೇ ಕಷ್ಟ. ನಾಳೆ ಬರ್ತೀರೋ ಅಂತ ಕೇಳೋಣ ಅಂದರೆ, ಅವರಿಗೆ ಫೋನ್ ಮಾಡಲು ಮರ ಹತ್ತುವವರು ಯಾರು?