ಎರಡು ವರ್ಷದ ಮಗುವಿನ ತಲೆ ಬಾಚಿಸೋಕೆ ಸಹಿ ಸಂಗ್ರಹ

2014ರಲ್ಲಿ ಅಮೆರಿಕದಲ್ಲಿ ಒಂದು ಆನ್‌ಲೈನ್ ಅರ್ಜಿ ಶುರುವಾಯಿತು. ಬೇಡಿಕೆ ಏನು ಗೊತ್ತಾ? ಕಪ್ಪು ಗಾಯಕಿ ಬಿಯಾನ್ಸೆ ಮತ್ತು ಅವಳ ಗಂಡ, ರ್ಯಾಪ್ ಹಾಡುಗಾರ ಜೇ ಝೀ ತಮ್ಮ ಮಗಳು ಬ್ಲೂ ಐವಿಯ ತಲೆ ಬಾಚಬೇಕು ಅಂತ. ಮಗುವಿಗೆ ಆಗ ಎರಡು ವರ್ಷ. ಐದು ಸಾವಿರಕ್ಕೂ ಜಾಸ್ತಿ ಜನ ಸಹಿ ಹಾಕಿದರು. ಅದೇ ವರ್ಷ ಬಿಇಟಿ ಅನ್ನೋ ಟಿವಿ ಚಾನೆಲ್‌ನಲ್ಲಿ ಆ ಮಗುವಿನ ಕೂದಲ ಮೇಲೆ ಜೋಕ್ ಹೊಡೆದರು, ಬೈಗುಳ ಬಿದ್ದ ಮೇಲೆ ಚಾನೆಲ್‌ನವರು ಕ್ಷಮೆ ಕೇಳಿದರು. ಕಪ್ಪು ಜನರಿಗಾಗಿಯೇ ಹುಟ್ಟಿದ ಚಾನೆಲ್ ಅದು. ಹಾಗಾಗಿ ಇದನ್ನು ಬರೀ ಬಿಳಿಯರ ಕೊಂಕು ಅಂತ ತಳ್ಳಿಹಾಕೋಕೆ ಆಗಲ್ಲ.

ನನಗೆ ಕೋಪ ಬರೋದು ಇಲ್ಲೇ. ಬೈಗುಳ ಮಗುವಿನ ತಲೆಯ ಹೆಸರಲ್ಲಿ, ಬೀಳೋದು ಮಾತ್ರ ಅಮ್ಮನ ಮೇಲೆ. ಅವಳು ಏನು ಮಾಡಿದರೂ ತಪ್ಪು. ಕೂದಲನ್ನು ಅದರ ಪಾಡಿಗೆ ಬಿಟ್ಟರೆ, ಮಗುವನ್ನು ನೋಡ್ಕೊಳ್ಳೋದು ಗೊತ್ತಿಲ್ಲ ಅಂತಾರೆ. ಕೆಮಿಕಲ್ ಹಾಕಿ ನೇರ ಮಾಡಿಸಿದರೆ, ತನ್ನ ಜನರ ಬಗ್ಗೆಯೇ ಇವಳಿಗೆ ನಾಚಿಕೆ ಅಂತಾರೆ. ಬೇರೆ ಕೂದಲು ಸೇರಿಸಿ ಉದ್ದ ಜಡೆ ಹೆಣೆದರೆ, ಇಷ್ಟು ಚಿಕ್ಕ ಮಗುವಿಗೆ ಇದೆಲ್ಲ ಯಾಕೆ ಅಂತಾರೆ. ಬಿಗಿಯಾಗಿ ಹೆಣೆದರೆ ಪಾಪ ನೋವಾಗುತ್ತೆ, ಸಡಿಲ ಹೆಣೆದರೆ ಎರಡೇ ದಿನಕ್ಕೆ ಕೆದರಿದ ತಲೆ. ಅಪ್ಪ ಜುಟ್ಟು ಕಟ್ಟಿದರೆ ಮಾತ್ರ ವಿಡಿಯೋಗೆ ಲಕ್ಷಗಟ್ಟಲೆ ಲೈಕು, ಅದು ಬೇರೆ ಕಥೆ ಬಿಡಿ.

ನಾನಿರೋದು ಅಟ್ಲಾಂಟಾದಲ್ಲಿ. ಕೆಳಗಿನ ಮನೆಯಲ್ಲಿ ಒಬ್ಬ ಕಪ್ಪು ತಾಯಿ, ಅವಳಿಗೊಬ್ಬ ಪುಟ್ಟ ಮಗಳು. ಭಾನುವಾರ ಅವರ ಮನೆಯಲ್ಲಿ ತಲೆಸ್ನಾನದ ದಿನ. ತಲೆಸ್ನಾನ ಅಂದರೆ ನಮ್ಮ ಹಾಗೆ ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ತಿಕ್ಕಿ ಬಿಸಿಲಲ್ಲಿ ಕೂರಿಸೋದಲ್ಲ. ಮೊದಲು ಕೂದಲನ್ನು ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕ್ತಾಳೆ. ಒಂದೊಂದೇ ಭಾಗ ಬಿಚ್ಚಿ, ಒದ್ದೆ ಮಾಡಿ, ಕೈತುಂಬ ಕಂಡೀಷನರ್ ಹಚ್ಚಿ, ಮೊದಲು ಬೆರಳಲ್ಲಿ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸ್ತಾಳೆ. ಅದೂ ತುದಿಯಿಂದ ಶುರು ಮಾಡಿ ಬುಡದ ಕಡೆಗೆ. ಆಮೇಲೆ ಶಿಯಾ ಅನ್ನೋ ಬೀಜದ ಬೆಣ್ಣೆ, ಆಮೇಲೆ ಬೈತಲೆ ತೆಗೆದು ಹೆಣೆಯೋದು, ತುದಿಗೆ ಮಣಿ. ಮಗು ಅಮ್ಮನ ಕಾಲುಗಳ ನಡುವೆ ಕೂತು ಒಂದಾದ ಮೇಲೊಂದು ಕಾರ್ಟೂನ್ ನೋಡಿ ಮುಗಿಸುತ್ತೆ. ರಾತ್ರಿ ಮಲಗುವಾಗ ಸ್ಯಾಟಿನ್ ಟೋಪಿ, ಇಲ್ಲದಿದ್ದರೆ ಹತ್ತಿಯ ದಿಂಬು ಕೂದಲಲ್ಲಿರೋ ತೇವವನ್ನೆಲ್ಲ ಹೀರಿಬಿಡುತ್ತೆ.

ಇಷ್ಟೆಲ್ಲ ಯಾಕೆ ಅಂದರೆ, ನೆತ್ತಿಯ ಜಿಡ್ಡು ನೇರ ಕೂದಲಲ್ಲಿ ತುದಿತನಕ ಸುಲಭವಾಗಿ ಇಳಿಯುತ್ತೆ, ಸುರುಳಿ ಸುರುಳಿ ಕೂದಲಲ್ಲಿ ಇಳಿಯಲ್ಲ. ಅದಕ್ಕೇ ಬೇಗ ಒಣಗುತ್ತೆ, ಒಣಗಿದ್ದನ್ನು ಎಳೆದು ಬಾಚಿದರೆ ತುಂಡಾಗುತ್ತೆ. 'ಸ್ವಲ್ಪ ಬಾಚಬಾರದಾ' ಅನ್ನೋ ಸಲಹೆ ಎಷ್ಟು ದಂಡ ಅಂತ ಈಗ ಅರ್ಥ ಆಯ್ತಲ್ವಾ? ಬಾಚಿದ ಮೇಲೂ ಅದು ಮೇಲಕ್ಕೇ ನಿಲ್ಲುತ್ತೆ. ಅದು ಬೆಳೆಯೋದೇ ಹಾಗೆ.

'ನಮ್ಮವರೇ ಜಾಸ್ತಿ ಆಡ್ಕೋತಾರೆ' ಅಂತಾಳೆ ಆ ಕೆಳಗಿನ ಮನೆ ತಾಯಿ. ಅದರ ಹಿಂದೆ ಹಳೇ ಭಯ ಇದೆ. 1786ರಲ್ಲಿ ಲೂಯಿಸಿಯಾನದ ಗವರ್ನರ್ ಮೀರೋ, ಗುಲಾಮರಲ್ಲದ ಕಪ್ಪು ಹೆಂಗಸರೂ ತಲೆಗೆ ಬಟ್ಟೆ ಕಟ್ಟಿಕೊಂಡೇ ಓಡಾಡಬೇಕು ಅಂತ ಆಜ್ಞೆ ಹೊರಡಿಸಿದ್ದ. ಗುಲಾಮಗಿರಿ ಹೋದ ಮೇಲೂ ಕೆಲಸ ಸಿಗಬೇಕು, ಶಾಲೆಯಲ್ಲಿ ಮರ್ಯಾದೆ ಸಿಗಬೇಕು ಅಂದರೆ ಕೂದಲು ನೇರವಾಗಿರಬೇಕಿತ್ತು. ಮಗಳನ್ನು ಬಿಳಿಯರು ಕೀಳಾಗಿ ನೋಡಬಾರದು ಅಂತ ಅಜ್ಜಿಯರು ಒಲೆ ಮೇಲೆ ಕಬ್ಬಿಣದ ಬಾಚಣಿಗೆ ಕಾಯಿಸಿ ಎಳೀತಿದ್ದರು, ಕಿವಿ ಸುಡ್ತಿತ್ತು. ಆ ಅಜ್ಜಿಯರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದೇ ಭಯ ಇವತ್ತು ಮೊಬೈಲ್ ಹಿಡಿದು ಬೇರೆಯವರ ಮಗುವಿನ ಫೋಟೋ ಕೆಳಗೆ ಬಂದು ಬೊಗಳಿದರೆ ಸಹಿಸೋದು ಕಷ್ಟ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಗ್ಯಾಬಿ ಡಗ್ಲಾಸ್ ಜಿಮ್ನಾಸ್ಟಿಕ್ಸ್ ವೈಯಕ್ತಿಕ ಆಲ್‌ರೌಂಡ್ ಚಿನ್ನ ಗೆದ್ದ ಮೊದಲ ಕಪ್ಪು ಹುಡುಗಿಯಾದಳು. ಹದಿನಾರು ವರ್ಷ. ಟ್ವಿಟರ್‌ನಲ್ಲಿ ಒಂದಷ್ಟು ಜನಕ್ಕೆ ಕಂಡಿದ್ದು ಅವಳ ಕೂದಲಿನ ಕ್ಲಿಪ್ಪು.

ಈ ಬಾಯಿಗಳಿಗೆ ಹೆದರಿ ಚಿಕ್ಕ ಮಕ್ಕಳಿಗೆ ಕೂದಲು ನೇರ ಮಾಡೋ ರಿಲ್ಯಾಕ್ಸರ್ ಹಾಕಿಸುವ ತಾಯಂದಿರಿದ್ದಾರೆ. ನೆತ್ತಿ ಸುಡುವಂಥ ಕ್ಷಾರ ಅದು. 2022ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಇಂಥ ಸ್ಟ್ರೈಟ್ನರ್‌ಗಳನ್ನು ಜಾಸ್ತಿ ಬಳಸುವುದಕ್ಕೂ ಗರ್ಭಕೋಶದ ಕ್ಯಾನ್ಸರ್‌ಗೂ ನಂಟು ಕಾಣುತ್ತೆ ಅಂತ ವರದಿ ಕೊಟ್ಟರು. ಇನ್ನು 'ನೀಟಾಗಿ' ಕಾಣಲಿ ಅಂತ ಜಗ್ಗಿ ಹೆಣೆದರೆ ಹಣೆಯ ಅಂಚಲ್ಲಿ ಕೂದಲು ಉದುರುತ್ತೆ. ಪೆಟ್ಟು ತಿನ್ನೋದು ಮಗುವಿನ ತಲೆ, ಲೈಕ್ ಒತ್ತೋ ಬೆರಳುಗಳಿಗೆ ಏನೂ ಆಗಲ್ಲ.

ಶಾಲೆಗಳೂ ಕಮ್ಮಿ ಇಲ್ಲ. 2013ರಲ್ಲಿ ಒಕ್ಲಹೋಮಾದ ಟಲ್ಸಾದಲ್ಲಿ ಏಳು ವರ್ಷದ ಹುಡುಗಿಯ ಡ್ರೆಡ್‌ಲಾಕ್ಸ್ (ಹಗ್ಗದ ಹಾಗೆ ಹೊಸೆದ ಜಟೆ) ನಿಯಮಕ್ಕೆ ವಿರುದ್ಧ ಅಂತ ಶಾಲೆಯವರು ತಕರಾರು ತೆಗೆದರು, ಅಪ್ಪ ಅಮ್ಮ ಬೇರೆ ಶಾಲೆಗೆ ಸೇರಿಸಬೇಕಾಯಿತು. ಅವಳ ಅಪ್ಪ ವೃತ್ತಿಯಿಂದ ಕ್ಷೌರಿಕ! ಇದಕ್ಕೆಲ್ಲ ಉತ್ತರವಾಗಿ 2019ರಲ್ಲಿ ಕ್ಯಾಲಿಫೋರ್ನಿಯಾ, ಸೆನೆಟರ್ ಹೋಲಿ ಮಿಚೆಲ್ ತಂದ ಕ್ರೌನ್ ಕಾಯ್ದೆಯನ್ನು ಪಾಸು ಮಾಡಿತು. ಕೂದಲಿನ ಕಾರಣಕ್ಕೆ ಶಾಲೆಯಲ್ಲಿ, ಕೆಲಸದಲ್ಲಿ ಭೇದ ಮಾಡೋ ಹಾಗಿಲ್ಲ. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದೇ ದಾರಿ ಹಿಡಿದವು. ಆದರೆ ಪಕ್ಕದ ಮನೆ ಆಂಟಿಗೆ, ಫೇಸ್‌ಬುಕ್ ಕಾಮೆಂಟಿಗೆ ಯಾವ ಕಾಯ್ದೆ ತರ್ತೀರಿ?

ಇದು ಅಮೆರಿಕದ ಗಲಾಟೆ, ನಮಗೇನು ಅನ್ನೋರು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಒಮ್ಮೆ ನೋಡಿ. ಆಫ್ರಿಕಾ ಮೂಲದ ಸಿದ್ದಿಗಳು ತಲೆಮಾರುಗಳಿಂದ ನಮ್ಮ ಜೊತೆ ಕನ್ನಡ, ಕೊಂಕಣಿ ಮಾತಾಡಿಕೊಂಡು ಬದುಕ್ತಿದ್ದಾರೆ. ನಮ್ಮ ಎಷ್ಟೋ ಶಾಲೆಗಳಲ್ಲಿ ಹುಡುಗಿಯರಿಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ ಬರಬೇಕು ಅನ್ನೋ ನಿಯಮ ಇದೆ. ಆ ನಿಯಮ ಮಾಡಿದವರು ಯಾವ ಕೂದಲನ್ನು ಮನಸ್ಸಲ್ಲಿ ಇಟ್ಟುಕೊಂಡಿದ್ದರು? ಸುರುಳಿ ಕೂದಲಿನ ಸಿದ್ದಿ ಹುಡುಗಿ ಅದೇ ಸಾಲಲ್ಲಿ ನಿಂತಾಗ, ಟೀಚರ್ ಮೊದಲು ಕೇಳೋದು 'ಯಾಕೆ ತಲೆ ಬಾಚಿಲ್ಲ' ಅಂತಾದರೆ, ಆ ಐದು ಸಾವಿರ ಸಹಿ ಹಾಕಿದವರಿಗೂ ನಮಗೂ ಏನು ವ್ಯತ್ಯಾಸ ಹೇಳಿ.