ನಾರ್ವಾದಲ್ಲಿ ಒಂದು ರಾತ್ರಿಯಾದರೂ ತಂಗಬೇಕು
ಎಸ್ಟೋನಿಯಾದ ನಾರ್ವಾ ಪಟ್ಟಣಕ್ಕೆ ಹೋದವರು ಕೋಟೆಯ ಮೇಲಿಂದ ರಷ್ಯಾವನ್ನು ನೋಡಿ ಅಂದೇ ರಾಜಧಾನಿ ಟಾಲಿನ್‌ಗೆ ಮರಳಿದರೆ ಸಾಕೆಂದು ಪ್ರವಾಸ ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ಈ ಸಲಹೆಯನ್ನು ನಾನು ಒಪ್ಪಲಾರೆ. ನಾರ್ವಾದ ಹರ್ಮನ್ ಕೋಟೆಯ ಎದುರಿಗೇ, ಹೊಳೆಯಾಚೆ, 1492ರಲ್ಲಿ ಕಟ್ಟಲಾರಂಭಿಸಿದ ರಷ್ಯಾದ ಇವಾನ್‌ಗೊರೊಡ್ ಕೋಟೆ ನಿಂತಿರುವ ನೋಟ ಅಪೂರ್ವವೆಂಬುದು ನಿಜ. ಆದರೆ ನದೀತೀರದ ಕಾಲುದಾರಿಯಲ್ಲಿ ಸಂಜೆ ನಿಧಾನವಾಗಿ ನಡೆಯುತ್ತ, ಎರಡೂ ದಡಗಳಲ್ಲಿ ಗಾಳ ಹಾಕಿ ನಿಂತವರನ್ನು ಕಂಡಾಗಲೇ, ನಡುವೆ ಹರಿಯುವ ಈ ನೀರೇ ಐರೋಪ್ಯ ಒಕ್ಕೂಟದ ಗಡಿಯೆಂಬುದು ಮನಸ್ಸಿಗೆ ತಟ್ಟುತ್ತದೆ. ಎರಡನೆಯ ಮಹಾಯುದ್ಧದ ವೇಳೆ, 1944ರಲ್ಲಿ, ಹಳೆಯ ಊರು ಬಹುಪಾಲು ನೆಲಸಮವಾಯಿತು. ಯುದ್ಧಾನಂತರ ಮತ್ತೆ ಕಟ್ಟಿದ ಹದಿನೇಳನೆಯ ಶತಮಾನದ ಪುರಭವನವನ್ನು ಸೋವಿಯತ್ ಕಾಲದ ಕಟ್ಟಡಗಳ ನಡುವೆ ನೋಡದೆ ಊರಿನ ನೋವು ಅರ್ಥವಾಗದು. ಇಲ್ಲಿನ ಬಹುತೇಕರ ಮನೆಮಾತು ರಷ್ಯನ್, ಹಲವರ ಬಂಧುಗಳು ಆಚೆ ದಡದಲ್ಲಿದ್ದಾರೆ. ಆದ್ದರಿಂದ ಗಡಿ ಸೇತುವೆಯ ಬಳಿ ಸಾಮಾನು ಹಿಡಿದು ಸಾಲಿನಲ್ಲಿ ಕಾಯುವವರ ಚಿತ್ರ ತೆಗೆಯಬಾರದೆಂದು ಪ್ರವಾಸಿಗರಲ್ಲಿ ವಿನಂತಿಸುತ್ತೇನೆ.